ಸನ್ನಿ, ಗಾಳಿ, ಹುಚ್ಚು: ಮಿದುಳಿಗೆ ತಗಲುವ ವೈರಸ್ ಸೋಂಕುಗಳು

(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬೆಟ್ಟದ ತಪ್ಪಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಜ್ವರದ ತಾಪದಲ್ಲಿ ಮನುಷ್ಯ ಅಸಂಬದ್ಧವಾಗಿ ಬಡಬಡಿಸತೊಡಗಿದರೆ ಹಿರಿಯರು ಅದನ್ನು ‘ಸನ್ನಿ’ ಎಂದು ಕರೆದರು. ಜ್ವರ ಕಾಣದೆ ಒಮ್ಮಿಂದೊಮ್ಮೆಗೆ ನಡತೆ ಬದಲಾದರೆ ‘ಗಾಳಿ ಸೋಕಿದೆ’ ಎಂದರು. ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ‘ಹುಚ್ಚು’ ಎಂದರು. ಮೂರು ಹೆಸರಿಗೆ ಮೂರು ದಾರಿಗಳು. ಸನ್ನಿಗೆ ವೈದ್ಯರು, ಗಾಳಿಗೆ ಮಂತ್ರವಾದಿ, ಹುಚ್ಚಿಗೆ ಮನೆಯ ಹಿಂದಿನ ಕತ್ತಲೆ ಕೋಣೆ ಅಥವಾ ದೂರದ ಆಸ್ಪತ್ರೆ. ಆದರೆ ಈ ಮೂರು ಹೆಸರುಗಳ ಹಿಂದೆಯೂ ಕೆಲವೊಮ್ಮೆ ಒಂದೇ ಕಾರಣ ಅಡಗಿರುತ್ತದೆ. ಅದು ಮಿದುಳಿಗೆ ತಗಲಿದ ವೈರಸ್ಸಿನ ಸೋಂಕು. ‘ಸೋಕು’ ಎಂಬ ಮಾತೂ ‘ಸೋಂಕು’ ಎಂಬ ಮಾತೂ ಮೂಲದಲ್ಲಿ ಒಂದೇ. ಎರಡಕ್ಕೂ ತಾಗುವುದು, ಮುಟ್ಟುವುದು ಎಂದೇ ಅರ್ಥ. ಏನೋ ತಾಗಿದೆ ಎಂಬ ಹಿರಿಯರ ಊಹೆ ತಪ್ಪಾಗಿರಲಿಲ್ಲ; ತಾಗಿದ್ದು ಯಾವುದು ಎಂಬುದನ್ನು ಅರಿಯುವ ಸಾಧನ ಮಾತ್ರ ಅವರ ಬಳಿ ಇರಲಿಲ್ಲ.

ಇಂದು ಆ ಸಾಧನವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳಿಂದ ಕೆಲವೇ ತಾಸುಗಳ ಪ್ರಯಾಣದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ. ಹಳೆಯ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ ಒಂದುಗೂಡಿ 1974ರಲ್ಲಿ ಅದು ರೂಪುಗೊಂಡಿತು. ಮನೋರೋಗ, ನರರೋಗ, ನರಶಸ್ತ್ರಚಿಕಿತ್ಸೆ, ನರಗಳಿಗೆ ತಗಲುವ ವೈರಸ್ಸುಗಳ ಅಧ್ಯಯನ ಇವೆಲ್ಲವೂ ಅಲ್ಲಿ ಒಂದೇ ಆವರಣದಲ್ಲಿ ನಡೆಯುತ್ತವೆ. ಮನಸ್ಸಿನ ಕಾಯಿಲೆ, ಮಿದುಳಿನ ಕಾಯಿಲೆ ಎಂಬ ಗೋಡೆ ಎಷ್ಟು ತೆಳುವಾದುದು ಎಂಬುದಕ್ಕೆ ಆ ಸಂಸ್ಥೆಯ ರಚನೆಯೇ ಸಾಕ್ಷಿ.

ಮಿದುಳಿಗೆ ಸೋಂಕು ತಗಲಿದರೆ ಮನಸ್ಸು ಏಕೆ ಕೆಡುತ್ತದೆ?

ಸಿಟ್ಟು, ಭಯ, ನೆನಪು, ಮಾತು, ನಾಚಿಕೆ, ನಿದ್ರೆ ಪ್ರತಿಯೊಂದಕ್ಕೂ ಮಿದುಳಿನಲ್ಲಿ ನೆಲೆಗಳಿವೆ. ವೈರಸ್ ಯಾವ ಭಾಗವನ್ನು ಹೊಕ್ಕಿತೋ ಆ ಭಾಗದ ಕೆಲಸ ಮೊದಲು ಕೆಡುತ್ತದೆ. ಕೈಕಾಲುಗಳನ್ನು ಆಡಿಸುವ ಭಾಗಕ್ಕೆ ತಗಲಿದರೆ ಪಾರ್ಶ್ವವಾಯುವಿನ ಲಕ್ಷಣ ಕಾಣುತ್ತದೆ. ಮನೆಯವರು ಆಸ್ಪತ್ರೆಗೆ ಓಡುತ್ತಾರೆ. ನೆನಪು ಹಾಗೂ ಭಾವನೆಗಳ ಭಾಗಕ್ಕೆ ತಗಲಿದರೆ ಕೈಕಾಲು ಸರಿಯಾಗಿಯೇ ಇರುತ್ತವೆ, ಮನುಷ್ಯ ಮಾತ್ರ ಬೇರೆಯಾಗಿರುತ್ತಾನೆ. ಆಗ ಮನೆಯವರು ದಾರಿ ತಪ್ಪುತ್ತಾರೆ.

ಇದಕ್ಕೆ ಬಹು ಸ್ಪಷ್ಟವಾದ ಉದಾಹರಣೆ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ತುಟಿಯ ಅಂಚಿನಲ್ಲಿ ಗುಳ್ಳೆ ಏಳಿಸುವ ಈ ವೈರಸ್ ಬಹುಪಾಲು ಜನರ ದೇಹದಲ್ಲಿ ನಿರುಪದ್ರವಿಯಾಗಿ ಮಲಗಿರುತ್ತದೆ. ಎಲ್ಲೋ ಒಬ್ಬರಲ್ಲಿ ಮಾತ್ರ ಅದು ಮಿದುಳನ್ನು ಹೊಗುತ್ತದೆ. ಹೊಕ್ಕರೆ ಕಿವಿಯ ಮೇಲ್ಭಾಗದ ಒಳಗಿರುವ, ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಪ್ರದೇಶಕ್ಕೇ ಹೆಚ್ಚಾಗಿ ಹಾನಿ ಮಾಡುತ್ತದೆ. ನಿನ್ನೆಯವರೆಗೆ ಸೌಮ್ಯವಾಗಿದ್ದ ಸೊಸೆ ಇಂದು ಅತ್ತೆಯನ್ನು ಗುರುತಿಸದೆ ಕೂಗಾಡುತ್ತಾಳೆ ಎಂದು ಊಹಿಸಿಕೊಳ್ಳಿ. ಇಲ್ಲದ ವಾಸನೆ ಬರುತ್ತಿದೆ ಎನ್ನುತ್ತಾಳೆ, ಇಲ್ಲದ ಮನುಷ್ಯರನ್ನು ಕಾಣುತ್ತಾಳೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾಳೆ. ಮೈ ತುಸು ಬಿಸಿಯಾಗಿದ್ದರೂ ಯಾರೂ ಗಮನಿಸುವುದಿಲ್ಲ. ಮೂರು ದಿನ ಗುಡಿಯಲ್ಲಿ ಕಳೆಯುತ್ತದೆ. ನಾಲ್ಕನೆಯ ದಿನ ಅಪಸ್ಮಾರದ ಸೆಳವು ಬಂದಾಗ ಆಸ್ಪತ್ರೆ ನೆನಪಾಗುತ್ತದೆ.

ಈ ರೋಗಕ್ಕೆ ಔಷಧಿಯಿದೆ ಎಂಬುದೇ ಇಲ್ಲಿನ ನೋವಿನ ಸಂಗತಿ. ಅಸೈಕ್ಲೊವಿರ್ ಎಂಬ ಔಷಧಿಯನ್ನು ಎರಡರಿಂದ ಮೂರು ವಾರ ರಕ್ತನಾಳದ ಮೂಲಕ ಕೊಡುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಏಳು ಮಂದಿ ಸಾಯುತ್ತಾರೆ; ಸಕಾಲದಲ್ಲಿ ಕೊಟ್ಟರೆ ಆ ಸಂಖ್ಯೆ ಎರಡು ಅಥವಾ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ತಡವಾದಷ್ಟೂ ಬದುಕಿದವರ ನೆನಪಿನ ಶಕ್ತಿ ಉಡುಗುತ್ತದೆ. ಗುಡಿಯಲ್ಲಿ ಕಳೆದ ಆ ಮೂರು ದಿನಗಳ ಬೆಲೆ ಇಷ್ಟು.

ಹುಚ್ಚುನಾಯಿ ಮತ್ತು ‘ಹುಚ್ಚು’ ಎಂಬ ಹೆಸರು

ಗ್ರಾಮಾಂತರ ಪ್ರದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ರೇಬೀಸ್ ವಿಷಯದಲ್ಲಿ. ಈ ರೋಗಕ್ಕೆ ಕನ್ನಡಿಗರು ಇಟ್ಟ ಹೆಸರಿನಲ್ಲಿಯೇ ‘ಹುಚ್ಚು’ ಇದೆ. ಕಚ್ಚಿದ ಜಾಗದಿಂದ ವೈರಸ್ ನರಗಳ ಗುಂಟ ನಿಧಾನವಾಗಿ ಮಿದುಳಿಗೆ ಏರುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದೇ ವಾರ ಸಾಕು, ಕೆಲವೊಮ್ಮೆ ವರ್ಷವೇ ಹಿಡಿಯಬಹುದು. ಅಷ್ಟರಲ್ಲಿ ಗಾಯ ಮಾಯ್ದು ಕಡಿತದ ನೆನಪೂ ಮಾಸಿರುತ್ತದೆ. ಮರಿನಾಯಿ ಪರಚಿದ್ದು ಲೆಕ್ಕಕ್ಕೇ ಬಂದಿರುವುದಿಲ್ಲ.

ರೋಗ ಕಾಣಿಸಿಕೊಂಡಾಗ ಮೊದಲು ಬರುವುದು ಕಳವಳ, ನಿದ್ರಾಹೀನತೆ, ಕಾರಣವಿಲ್ಲದ ಭಯ. ಹಳೆಯ ಗಾಯದ ಜಾಗದಲ್ಲಿ ಜುಮುಗುಟ್ಟುವಿಕೆ ಅಥವಾ ತುರಿಕೆ ಇರಬಹುದು. ಅನಂತರ ನೀರು ಕಂಡರೆ ಗಂಟಲು ಬಿಗಿಯುತ್ತದೆ, ಫ್ಯಾನಿನ ಗಾಳಿ ತಾಗಿದರೂ ಬೆಚ್ಚಿಬೀಳುತ್ತಾರೆ. ಒಂದು ಗಳಿಗೆ ಉದ್ರೇಕ, ಕೂಗಾಟ. ಮರುಗಳಿಗೆ ಸಂಪೂರ್ಣ ಅರಿವು, ಮನೆಯವರೊಡನೆ ಸರಿಯಾದ ಮಾತು. ಈ ಏರಿಳಿತವೇ ಜನರನ್ನು ಮೋಸಗೊಳಿಸುತ್ತದೆ. ‘ಬಂದು ಹೋಗುತ್ತಿದೆ’ ಎಂದು ಗಾಳಿಯ ಶಂಕೆ ಬಲಿಯುತ್ತದೆ. ಕುಡಿತದ ಅಭ್ಯಾಸವಿದ್ದವರಾದರೆ ಕುಡಿತ ಬಿಟ್ಟದ್ದರ ಪರಿಣಾಮವೆಂದು ಭಾವಿಸುವುದೂ ಉಂಟು. ಇದಕ್ಕೆ ವಿರುದ್ಧವಾಗಿ, ನಾಯಿ ಕಚ್ಚಿದ ಭಯದಿಂದಲೇ ರೋಗದ ಲಕ್ಷಣಗಳನ್ನು ಅನುಭವಿಸುವ ಆರೋಗ್ಯವಂತರೂ ಇದ್ದಾರೆ. ಇವೆರಡನ್ನು ಬೇರ್ಪಡಿಸಬೇಕಾದವರು ವೈದ್ಯರು. ಮಂತ್ರವಾದಿಯೂ ಅಲ್ಲ, ನೆರೆಮನೆಯವರೂ ಅಲ್ಲ. ಇನ್ನೊಂದು ಬಗೆಯ ರೇಬೀಸ್‌ನಲ್ಲಿ ಯಾವ ಉದ್ರೇಕವೂ ಇಲ್ಲದೆ ಕೈಕಾಲುಗಳು ಸೋಲುತ್ತಾ ಬರುತ್ತವೆ.

ಲಕ್ಷಣಗಳು ಕಾಣಿಸಿದ ಮೇಲೆ ಈ ರೋಗದಿಂದ ಉಳಿಯುವವರು ಇಲ್ಲವೆಂದೇ ಹೇಳಬೇಕು. ಲಕ್ಷಣ ಕಾಣುವ ಮೊದಲು ಸರಿಯಾದ ಆರೈಕೆ ಪಡೆದವರು ಸಾಯುವುದು ಅತಿ ವಿರಳ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 59,000 ಮಂದಿ ಇದಕ್ಕೆ ಬಲಿಯಾಗುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ತಗಲುವ ನೂರರಲ್ಲಿ 99 ಪ್ರಕರಣಗಳು ನಾಯಿಗಳಿಂದಲೇ ಬರುತ್ತವೆ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ನಿಮ್ಹಾನ್ಸ್‌ನ ವೈರಸ್ ವಿಭಾಗವು ರೇಬೀಸ್ ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಾಗಿದೆ.

ಮಾಡಬೇಕಾದದ್ದು ಸರಳ. ಕಚ್ಚಿದ ಅಥವಾ ಪರಚಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಸಿನ, ಎಲೆಯ ರಸ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಲಸಿಕೆಯೊಂದೇ ಸಾಲದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಇನ್ನೂ ಅನೇಕ ಹಿರಿಯರಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತದಲ್ಲಿ 2004ರ ಅಂತ್ಯದ ವೇಳೆಗೆ ಕೈಬಿಡಲಾಯಿತು. ಇಂದಿನ ಲಸಿಕೆಯನ್ನು ತೋಳಿಗೆ ಕೆಲವೇ ಸರದಿಗಳಲ್ಲಿ ಕೊಡುತ್ತಾರೆ. ಯಾವ ಸರದಿಯನ್ನೂ ತಪ್ಪಿಸಬಾರದು. ದಿನಗಳು ಕಳೆದುಹೋಗಿದ್ದರೂ ‘ಇನ್ನೇನು ಪ್ರಯೋಜನ’ ಎಂದು ಕೂರದೆ ಆಸ್ಪತ್ರೆಗೆ ಹೋಗಬೇಕು.

ಹಸು ಸಾಕುವ ಮನೆಗಳಿಗೆ ಇನ್ನೊಂದು ಮಾತು. ಜೊಲ್ಲು ಸುರಿಸುತ್ತಾ ಮೇವು ನುಂಗಲಾಗದೆ ನಿಂತ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈ ಹಾಕುವುದು ವಾಡಿಕೆ. ಅದು ರೇಬೀಸ್ ಆಗಿರುವ ಸಾಧ್ಯತೆಯೂ ಉಂಟು. ಮೊದಲು ಪಶುವೈದ್ಯರನ್ನು ಕರೆಯಬೇಕು. ಶಿವಗಂಗೆಯಂತಹ ಬೆಟ್ಟಗಳಲ್ಲಿ ಪ್ರವಾಸಿಗರ ಕೈತುತ್ತಿಗೆ ಒಗ್ಗಿಹೋದ ಕೋತಿ ಕಚ್ಚಿದರೂ ನಾಯಿ ಕಡಿತದಂತೆಯೇ ಆರೈಕೆ ಪಡೆಯಬೇಕು.

ಕಸ, ನಾಯಿ, ನಗರ

ಇದು ಕೇವಲ ಆಸ್ಪತ್ರೆಯ ವಿಷಯವಲ್ಲ, ಪರಿಸರದ ವಿಷಯವೂ ಹೌದು. ನಾಯಿಗಳ ಸಂಖ್ಯೆ ತಿನ್ನಲು ಸಿಗುವುದರ ಮೇಲೆ ನಿಂತಿದೆ. ಬೆಂಗಳೂರಿನ ಕಸ ಹಲವು ವರ್ಷ ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಕಡೆಗೆ ಹರಿದು ಬಂದದ್ದು, ಅದರ ವಿರುದ್ಧ ಸುತ್ತಲಿನ ಹಳ್ಳಿಗಳವರು ರಸ್ತೆಗಿಳಿದದ್ದು ಎಲ್ಲರಿಗೂ ತಿಳಿದ ಸಂಗತಿ. ಅಂತರಜಲ ಕೆಟ್ಟದ್ದರ ಬಗೆಗೆ, ದುರ್ನಾತದ ಬಗೆಗೆ ಮಾತು ನಡೆದಿದೆ. ರಾಶಿಬಿದ್ದ ಕಸ, ಹೆದ್ದಾರಿ ಬದಿಯ ಕೋಳಿ ಅಂಗಡಿಗಳ ತ್ಯಾಜ್ಯ ನಾಯಿ ಹಿಂಡುಗಳನ್ನು ಪೋಷಿಸುತ್ತವೆ ಎಂಬುದೂ ಆ ಮಾತಿನಲ್ಲಿ ಸೇರಬೇಕು. ನಗರ ತಾನು ಬಿಸಾಡಿದ್ದನ್ನು ಮರೆಯಬಹುದು. ಅದರ ಫಲ ಶಾಲೆಗೆ ನಡೆದು ಹೋಗುವ ಹಳ್ಳಿಯ ಮಗುವಿನ ಕಾಲಿಗೆ ಬಂದು ತಾಗುತ್ತದೆ.

ಹಾಗೆಂದು ನಾಯಿಗಳನ್ನು ಕೊಲ್ಲುವುದು ಪರಿಹಾರವಲ್ಲ. ಕೊಂದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ತಪ್ಪದೆ ಲಸಿಕೆ ಹಾಕಿದರೆ ವೈರಸ್ಸಿನ ಸರಪಳಿ ಮುರಿಯುತ್ತದೆ. ಗೋವಾ ರಾಜ್ಯ ಈ ಹಾದಿಯಲ್ಲಿ ನಡೆದು ಮನುಷ್ಯರ ಸಾವುಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಇದು ಇಲ್ಲಿಯೂ ಸಾಧ್ಯ.

ಗದ್ದೆಯ ಸೊಳ್ಳೆ, ಮಿದುಳು ಜ್ವರ

ಎರಡನೆಯದು ಜಪಾನೀಸ್ ಮಿದುಳು ಜ್ವರ. 1970ರ ದಶಕದ ಕೊನೆಯಿಂದ ನೆರೆಯ ಕೋಲಾರ ಜಿಲ್ಲೆ, ಮಂಡ್ಯ ಜಿಲ್ಲೆಗಳಲ್ಲಿ ಇದು ಕಾಣಿಸಿಕೊಂಡಿತು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ ಆಗ ಕೋಲಾರದ ಭಾಗವೇ ಆಗಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿಗಳಿಗೆ ಅದು ಗಡಿಯಾಚೆಯ ಊರು. ವೈರಸ್ಸು ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಇರುತ್ತದೆ, ಹಂದಿಗಳಲ್ಲಿ ವೃದ್ಧಿಸುತ್ತದೆ, ಕ್ಯುಲೆಕ್ಸ್ ಜಾತಿಯ ಸೊಳ್ಳೆಯ ಮೂಲಕ ಮನುಷ್ಯನಿಗೆ ಬರುತ್ತದೆ. ಈ ಸೊಳ್ಳೆ ಮೊಟ್ಟೆಯಿಡುವುದು ಮುಖ್ಯವಾಗಿ ಭತ್ತದ ಗದ್ದೆಯ ನಿಂತ ನೀರಿನಲ್ಲಿ. ಕಚ್ಚುವುದು ಮುಸ್ಸಂಜೆಯಿಂದ ರಾತ್ರಿಯವರೆಗೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದಕ್ಕೆ ಯಾವ ಅರ್ಥವೂ ಇಲ್ಲ.

ಸೋಂಕು ತಗಲಿದ ಬಹುತೇಕರಿಗೆ ಏನೂ ಆಗುವುದಿಲ್ಲ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ, ಹೆಚ್ಚಾಗಿ ಮಕ್ಕಳಿಗೆ, ಮಿದುಳು ಬಾಧಿತವಾಗುತ್ತದೆ. ಅವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾವು ಸಂಭವಿಸಬಹುದು. ಮಿದುಳು ಬಾಧಿತರಾದವರಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಮಂದಿಗೆ ನರದ ಅಥವಾ ಮನಸ್ಸಿನ ತೊಂದರೆ ಶಾಶ್ವತವಾಗಿ ಉಳಿಯುತ್ತದೆ. ಜ್ವರದಿಂದ ಪಾರಾದ ಹುಡುಗ ಮುಂಗೋಪಿಯಾಗುತ್ತಾನೆ, ಓದಿದ್ದು ನಿಲ್ಲುವುದಿಲ್ಲ, ಒಂದೆಡೆ ಕೂರಲಾರ. ಅವನನ್ನು ‘ಪುಂಡ’, ‘ದಡ್ಡ’ ಎಂದು ಶಾಲೆ ಬಿಡಿಸುವುದು ಎರಡನೆಯ ಗಾಯ. ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈ ರೋಗಕ್ಕೆ ನೇರವಾದ ಔಷಧಿಯಿಲ್ಲ, ಲಸಿಕೆಯಿದೆ. 2006ರಿಂದ ಭಾರತದ ರೋಗಪೀಡಿತ ಜಿಲ್ಲೆಗಳಲ್ಲಿ ಲಸಿಕೆ ಆರಂಭವಾಯಿತು; ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಿಂದ ಇನ್ನಷ್ಟು ಜಿಲ್ಲೆಗಳ 1ರಿಂದ 15 ವರ್ಷದ ಮಕ್ಕಳಿಗೆ ವಿಶೇಷ ಅಭಿಯಾನ ನಡೆಯಿತು. ಲಸಿಕೆಯ ಜೊತೆಗೆ ಸೊಳ್ಳೆಪರದೆ, ಹಂದಿಗೂಡುಗಳನ್ನು ವಾಸದ ಮನೆಗಳಿಂದ ದೂರವಿಡುವುದು, ಮೀನು ಬದುಕುವಷ್ಟು ಕೆರೆಯ ನೀರನ್ನು ಸ್ವಚ್ಛವಾಗಿಡುವುದು ಇವೂ ಬೇಕು. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಕೆರೆ ಸೊಳ್ಳೆಯ ಮರಿಗಳನ್ನು ತಾನೇ ತಿಂದು ಮುಗಿಸುತ್ತದೆ. ವಿಷವುಂಡ ಕೆರೆಗೆ ಆ ಶಕ್ತಿಯಿಲ್ಲ.

ದಡಾರದ ಹಳೆಯ ಸಾಲ

ಮೂರನೆಯದು ವಿದ್ಯಾರ್ಥಿಗಳಿಗೆ ಹತ್ತಿರವಾದದ್ದು. ಎಳವೆಯಲ್ಲಿ, ಅದರಲ್ಲೂ ಎರಡು ವರ್ಷ ತುಂಬುವ ಮೊದಲು, ದಡಾರ ಬಂದು ವಾಸಿಯಾದ ಕೆಲವೇ ಮಕ್ಕಳಲ್ಲಿ ಆ ವೈರಸ್ ಮಿದುಳಿನಲ್ಲಿ ಉಳಿದು, ಆರರಿಂದ ಹತ್ತು ವರ್ಷಗಳ ಅನಂತರ ತಲೆ ಎತ್ತುತ್ತದೆ. ಚೆನ್ನಾಗಿ ಓದುತ್ತಿದ್ದ ಮಗುವಿನ ಅಂಕಗಳು ಇಳಿಯುತ್ತವೆ, ಹಟ, ಮರೆವು, ವಿಚಿತ್ರ ನಡತೆ ಕಾಣುತ್ತವೆ. ಸೋಮಾರಿತನವೆಂದು ಪೆಟ್ಟು ಬೀಳುತ್ತದೆ. ತಿಂಗಳುಗಳ ಮೇಲೆ ಮೈ ಆಗಾಗ ಗಕ್ಕನೆ ಅದುರತೊಡಗುತ್ತದೆ, ಕೈಯಲ್ಲಿದ್ದ ಲೋಟ ಬೀಳುತ್ತದೆ. ಆ ಹೊತ್ತಿಗೆ ರೋಗ ಬಹುದೂರ ಸಾಗಿರುತ್ತದೆ. ಅದನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇಲ್ಲ. ತಡೆಯುವ ಉಪಾಯ ಮಾತ್ರ ಅಂಗನವಾಡಿಯಲ್ಲಿಯೇ ಇದೆ: ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಮತ್ತೊಮ್ಮೆ ದಡಾರ-ರುಬೆಲ್ಲಾ ಲಸಿಕೆ. ಕಟ್ಟಡದ ಕೆಲಸ, ಇಟ್ಟಿಗೆ ಗೂಡು ಎಂದು ಊರೂರು ತಿರುಗುವ ಕೂಲಿ ಕುಟುಂಬಗಳ ಮಕ್ಕಳು ಈ ಲಸಿಕೆಯಿಂದ ತಪ್ಪಿಹೋಗುವುದು ಸುಲಭ. ಅವರ ಲೆಕ್ಕವನ್ನೂ ಊರು ಇಟ್ಟುಕೊಳ್ಳಬೇಕು.

ಕಾಡು ಕಡಿದರೆ

ಮಲೆನಾಡಿನವರಿಗೆ ಮಂಗನ ಕಾಯಿಲೆಯನ್ನು ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಇದರಲ್ಲಿ ಒಂದು ಗುಣವನ್ನು ನೆನಪಿಡಬೇಕು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಆರಾಮವಾಗಿದ್ದ ಮೇಲೆ ಎರಡನೆಯ ಸುತ್ತು ಬರುತ್ತದೆ. ಆಗ ತೀವ್ರ ತಲೆನೋವು, ನಡುಕ, ದೃಷ್ಟಿಯ ತೊಂದರೆಗಳ ಜೊತೆಗೆ ಬುದ್ಧಿಯ ಕಲಕಾಟವೂ ಇರುತ್ತದೆ. ಮೊದಲ ಜ್ವರಕ್ಕೂ ಈ ನಡತೆಗೂ ಇರುವ ಸಂಬಂಧ ಮನೆಯವರಿಗೆ ಹೊಳೆಯುವುದಿಲ್ಲ. ವೈದ್ಯರೆದುರು ಹಿಂದಿನ ಒಂದು ತಿಂಗಳ ಕಥೆಯನ್ನು ಪೂರ್ತಿ ಹೇಳಬೇಕೆನ್ನುವುದು ಈ ಕಾರಣಕ್ಕೆ.

1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಬೋಳಿಸಿದ ಬೆನ್ನಿಗೇ ಈ ರೋಗ ಸಿಡಿದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿಯಿತು. ಕಾಡಿನೊಳಗೆ ತನ್ನ ಪಾಡಿಗೆ ಸುತ್ತುತ್ತಿದ್ದ ವೈರಸ್ಸಿಗೆ ಮನುಷ್ಯನೇ ಬಾಗಿಲು ತೆರೆದ. ಬೆಂಗಳೂರು ಗ್ರಾಮಾಂತರದ ಬೆಟ್ಟಗಳು ಆ ರೋಗದ ನೆಲೆಯಲ್ಲ. ಆದರೆ ಪಾಠ ಎಲ್ಲ ಬೆಟ್ಟಗಳಿಗೂ ಒಂದೇ. ಮಂಗ, ಬಾವಲಿ, ಕೊಕ್ಕರೆಗಳ ಮೇಲೆ ಸಿಟ್ಟು ತೀರಿಸಿಕೊಂಡರೆ ರೋಗ ನಿಲ್ಲುವುದಿಲ್ಲ. ಅವುಗಳ ನೆಲೆ ಕದಡಿದಷ್ಟೂ ಅವು ಊರಿಗೆ ಹತ್ತಿರವಾಗುತ್ತವೆ.

ಗುರುತಿಸುವುದು ಹೇಗೆ?

ನಡತೆಯ ಬದಲಾವಣೆ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಬಂದಿದ್ದರೆ, ಜೊತೆಗೆ ಜ್ವರ, ತಲೆನೋವು, ವಾಂತಿ, ಕತ್ತಿನ ಬಿಗಿತ ಇದ್ದರೆ, ಹಗಲು ರಾತ್ರಿಯ, ಊರಿನ, ಮನೆಯವರ ಗುರುತು ತಪ್ಪಿದ್ದರೆ, ಅರಿವು ಬಂದು ಹೋಗುತ್ತಿದ್ದರೆ, ಸೆಳವು ಬಂದಿದ್ದರೆ, ಮಾತು ತೊದಲುತ್ತಿದ್ದರೆ, ಹಿಂದೆ ಯಾವ ಮಾನಸಿಕ ತೊಂದರೆಯೂ ಇಲ್ಲದವರಾಗಿದ್ದರೆ, ಮೊದಲು ಮಿದುಳಿನ ಸೋಂಕನ್ನು ಶಂಕಿಸಬೇಕು. ಜ್ವರ ಇಲ್ಲವೆಂಬ ಒಂದೇ ಕಾರಣಕ್ಕೆ ಶಂಕೆಯನ್ನು ಬಿಡಬಾರದು. ತಡಮಾಡದೆ 108 ಆಂಬುಲೆನ್ಸ್ ಕರೆದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅವರು ಸೂಚಿಸಿದ ಕಡೆಗೆ ಹೋಗಬೇಕು. ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದಾಗ ‘ಸೊಂಟ ಹೋಗುತ್ತದೆ’ ಎಂದು ಸಹಿ ಹಾಕದೆ ಹಿಂತಿರುಗುವವರಿದ್ದಾರೆ. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ, ಸೊಂಟ ಬೀಳುವುದಿಲ್ಲ. ಆ ಕೆಲವು ಹನಿ ನೀರೇ ವೈರಸ್ಸಿನ ಹೆಸರನ್ನು ಹೇಳುತ್ತದೆ. ವೈರಸ್ಸಲ್ಲದ ಕಾರಣಗಳೂ ಹೀಗೆಯೇ ಕಾಣಿಸಿಕೊಳ್ಳಬಹುದು. ಪೊದೆಗಳ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಜ್ವರ ಸಾಮಾನ್ಯ ಮಾತ್ರೆಗೆ ಬಗ್ಗುತ್ತದೆ; ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ, 2007ರಲ್ಲಿ ಗುರುತಾದ ಒಂದು ಉರಿಯೂತಕ್ಕೂ ಚಿಕಿತ್ಸೆಯಿದೆ. ಪರೀಕ್ಷೆಯಿಲ್ಲದೆ ಇವು ಯಾವುವೂ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾನಸಿಕ ಕಾಯಿಲೆಗಳಲ್ಲಿ ಬಹುಪಾಲಿಗೆ ವೈರಸ್ ಕಾರಣವಲ್ಲ. ‘ಸೋಂಕಾದರೆ ಮರ್ಯಾದೆ, ಮನೋರೋಗವಾದರೆ ಅವಮಾನ’ ಎಂಬ ಹೊಸ ಭೇದ ಈ ಮಾತುಗಳಿಂದ ಹುಟ್ಟಬಾರದು. ಖಿನ್ನತೆ, ಚಿತ್ತವಿಕಲತೆಗಳೂ ಕಾಯಿಲೆಗಳೇ, ಅವುಗಳಿಗೂ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮನಸ್ ದೂರವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ದೇವರಿಗೆ ಹರಕೆ ಹೊರುವುದನ್ನು ಯಾರೂ ತಡೆಯಬೇಕಾಗಿಲ್ಲ. ಹರಕೆ ಮನೆಯಲ್ಲಿರಲಿ, ರೋಗಿ ಆಸ್ಪತ್ರೆಯಲ್ಲಿರಲಿ. ಗುಡಿಯ ಪೂಜಾರಿಯೂ, ಯಂತ್ರ ಕಟ್ಟುವವರೂ ‘ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ’ ಎಂದು ಒಂದು ಮಾತು ಹೇಳಿದರೆ ಅನೇಕ ಜೀವಗಳು ಉಳಿಯುತ್ತವೆ. ಅವರಲ್ಲಿಗೆ ಹೋಗಿ ಈ ವಿಷಯ ತಿಳಿಸುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ನಾಯಿಗಳ ಲಸಿಕೆಯನ್ನು, ಮಾಂಸತ್ಯಾಜ್ಯದ ವಿಲೇವಾರಿಯನ್ನು, ಕೆರೆಯ ಸ್ಥಿತಿಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವ ಕೆಲಸ ಹಿರಿಯರದ್ದು.

ಬೆಟ್ಟ, ಕೆರೆ, ಕಾಡು ಇವುಗಳನ್ನು ಉಳಿಸುವುದೆಂದರೆ ಮಳೆ ಮತ್ತು ಅಂತರಜಲವನ್ನು ಉಳಿಸುವುದು ಎಂದು ಇದುವರೆಗೆ ಹೇಳಲಾಗಿದೆ. ಮನುಷ್ಯನ ಬುದ್ಧಿಯ ಸ್ವಾಸ್ಥ್ಯವೂ ಅವುಗಳ ಜೊತೆಗೆ ಹೆಣೆದುಕೊಂಡಿದೆ ಎಂಬುದನ್ನು ಇನ್ನು ಮುಂದೆ ಸೇರಿಸಿ ಹೇಳಬೇಕು.